ಲೋಹಗಾಂವ್ ರನ್‌ವೇಯಲ್ಲಿ

ಪುಣೆಯಿಂದ ಬೆಂಗಳೂರಿಗೆ ಹೊರಟ ವಿಮಾನ ಲೋಹಗಾಂವ್‌ನಲ್ಲಿ ಕಾಯುತ್ತಿರುವಾಗ ಅದೇ ರನ್‌ವೇಯಿಂದ ಸುಖೋಯ್ ಗುಡುಗುತ್ತಾ ಏರುತ್ತದೆ. 1939ರಲ್ಲಿ ಬಾಂಬೆ ಕಾಯಲೆಂದು ಬ್ರಿಟಿಷರು ಮಾಡಿದ ನೆಲೆ ಇದು, ಈಗಲೂ ವಾಯುಪಡೆಯದೇ. ಫೋಟೊ ತೆಗೆಯುವ ಹಾಗಿಲ್ಲ.

ಪಕ್ಕದವರು ಬೆಚ್ಚುತ್ತಾರೆ. ನನಗೆ ಇಲ್ಲಿ ಭಯವಿಲ್ಲ: ಯುದ್ಧವಿಮಾನಕ್ಕೂ ನಮಗೂ ದಾರಿ ಬಿಡುವುದು ವಾಯುಪಡೆಯ ಒಂದೇ ಟವರ್. 2014ರ ಜುಲೈ 17ರಂದು ಪೂರ್ವ ಉಕ್ರೇನಿನಲ್ಲಿ ಹಾಗಿರಲಿಲ್ಲ. ಸರ್ಕಾರ 32,000 ಅಡಿಯವರೆಗೆ ಮಾತ್ರ ಆಕಾಶ ಮುಚ್ಚಿತ್ತು; ಮಲೇಷ್ಯಾದ ಎಂಎಚ್17 ಹಾರುತ್ತಿದ್ದದ್ದು 33,000ದಲ್ಲಿ. ಅನುಮತಿ ಕೊಟ್ಟವರು ಒಬ್ಬರು, ಬುಕ್ ಕ್ಷಿಪಣಿ ಹಾರಿದ್ದು ಬಂಡುಕೋರರ ಹಿಡಿತದ ಹೊಲದಿಂದ. 298 ಜನ ಸತ್ತರು.

2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದ ಮೇಲೆ ಯುರೋಪಿಗೆ ಹೋಗುವ ಸಹೋದ್ಯೋಗಿಗಳು ಸುತ್ತುದಾರಿ ಅಂತ ಗೊಣಗುತ್ತಾರೆ. ನಾನಂತೂ ಸುತ್ತಿಕೊಂಡೇ ಹೋಗುತ್ತೇನೆ.