ಗಾಜಿನ ಕೋಲು, ಹುಂಜದ ಗರಿ, ಮೇಲೊಂದು ಕರೆಂಟ್ ಲೈನು

ಹೋದ ಭಾನುವಾರ ತಾವರೆಕೆರೆ ಕಡೆಯ ನಮ್ಮ ತೋಟದಲ್ಲಿ, ಕೃಷಿ ಹೊಂಡದ ಏರಿ ಮೇಲೆ ನಿಂತಿದ್ದೆ. ಪಕ್ಕದ ತೋಟದ ಅಣ್ಣ ನೋಡಿ, "ಇದೇನಪ್ಪಾ, ಗಾಳ ಹಾಕ್ತಿದೀಯೋ, ಬಾರುಕೋಲು ಬೀಸ್ತಿದೀಯೋ?" ಅಂದ್ರು. ತಪ್ಪೇನಿಲ್ಲ, ನೋಡೋಕೆ ಹಂಗೇ ಇರುತ್ತೆ. ಬ್ಯಾಡರಹಳ್ಳಿಲೂ ಮೂರ್ನಾಲ್ಕು ಜನ ಕೇಳಿದ್ರು, ಅದಕ್ಕೆ ಬರೀತಿದೀನಿ.

ಇದಕ್ಕೆ ಫ್ಲೈ ಫಿಶಿಂಗ್ ಅಂತಾರೆ. ಚಿಕ್ಕವರಿದ್ದಾಗ ಬಿದಿರು ಕಡ್ಡಿಗೆ ದಾರ ಕಟ್ಟಿ, ಎರೆಹುಳ ಸಿಕ್ಕಿಸಿ ಕೆರೆ ದಡದಲ್ಲಿ ಕೂರ್ತಿದ್ವಲ್ಲ, ಅಲ್ಲಿ ತೂಕ ಇರೋದು ದಾರದ ತುದೀಲಿ. ಇಲ್ಲಿ ಕೊಕ್ಕೆಗೆ ಸುತ್ತೋದು ನಾಟಿ ಹುಂಜದ ಕತ್ತಿನ ಗರಿ, ಅದಕ್ಕೆ ತೂಕವೇ ಇಲ್ಲ. ಹಂಗಾಗಿ ದಾರಾನೇ ತೂಕದ್ದು. ಅದನ್ನ ಹಿಂದಕ್ಕೆ ಬೀಸಿ, ಪೂರ್ತಿ ನೆಟ್ಟಗಾಗೋವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸ್ಬೇಕು. ದಾರವೇ ಗರೀನ ಎಳ್ಕೊಂಡು ಹೋಗುತ್ತೆ.

ಹಿಂದಕ್ಕೆ ಬೀಸೋದು ಅಂದ್ನಲ್ಲ, ನಾನು ಎಡವಿದ್ದು ಅಲ್ಲೇ.

ಮೊದ್ಲು ಸ್ನೇಹಿತರ ಹತ್ರ ಒಂಬತ್ತು ಅಡಿಯ ಕಾರ್ಬನ್ ಕೋಲು ಇಸ್ಕೊಂಡು ಬಂದಿದ್ದೆ. ಎರಡನೇ ದಿನ ಕೋಲು ಎತ್ತಿದೀನಿ, ಹಿಂದೆ ನಿಂತಿದ್ದ ಮಗ "ಅಪ್ಪಾ, ಮೇಲೆ!" ಅಂತ ಕಿರುಚಿದ. ಪಂಪ್‌ಸೆಟ್ಟಿಗೆ ಹೋಗೋ ಲೈನು ಏರಿ ಮೇಲೆ ಜೋತು ಬಿದ್ದಿದೆ. ಕೋಲಿನ ತುದಿಗೂ ತಂತಿಗೂ ಒಂದು ಮೊಳ ಇತ್ತೋ ಇಲ್ವೋ. ಕಾಲು ನಡುಗಿ ಅಲ್ಲೇ ಕೂತ್ಬಿಟ್ಟೆ. ವರ್ಷಗಟ್ಟಲೆ ಅದೇ ತಂತಿ ಕೆಳಗೆ ಓಡಾಡಿದೀನಿ, ಒಂದ್ಸಲನೂ ತಲೆ ಎತ್ತಿ ನೋಡಿರ್ಲಿಲ್ಲ.

ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತೆ. ಅಡಿಕೆ ಕೀಳೋಕೆ ಕಾರ್ಬನ್ ದೋಟಿ ಇಟ್ಕೊಂಡಿರೋರು ಈ ಸಾಲನ್ನ ಇನ್ನೊಂದ್ಸಲ ಓದಿ. ಫೈಬರ್‌ಗ್ಲಾಸ್ ಅಂದ್ರೆ ಗಾಜಿನ ಎಳೆ ಮತ್ತೆ ರಾಳ. ಒಣಗಿದ್ದಾಗ ಕರೆಂಟ್ ಹರಿಯಲ್ಲ. ಆದ್ರೆ ನೀರು, ಕೆಸರು ಮೆತ್ತಿದ ಕೋಲನ್ನೂ ಒದ್ದೆ ದಾರಾನೂ ನಂಬೋ ಹಂಗಿಲ್ಲ. ಅದಕ್ಕೆ ಕೋಲೂ ಬದಲಾಯಿಸ್ದೆ, ಜಾಗಾನೂ ಬದಲಾಯಿಸ್ದೆ. ಈಗ ನಿಲ್ಲೋದು ತಂತಿ ಇಲ್ಲದ ಪಡುವಣ ಮೂಲೇಲಿ. ಲೈನ್ ಎತ್ತರಿಸಿಕೊಡಿ ಅಂತ ಅರ್ಜೀನೂ ಕೊಟ್ಟಿದೀನಿ.

ಗಾಜಿನ ಕೋಲು ಹೊಸದೇನಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಶೇಕ್ಸ್‌ಪಿಯರ್ ಕಂಪನಿ ಮಾರೋಕೆ ಶುರು ಮಾಡ್ತು. 1970ರ ದಶಕದಲ್ಲಿ ಕಾರ್ಬನ್ ಬಂದು ಅದನ್ನ ಮೂಲೆಗೆ ತಳ್ತು. ಕಾರ್ಬನ್ ಹಗುರ, ಬಿರುಸು. ಗಾಜು ಬುಡದವರೆಗೂ ಬಾಗುತ್ತೆ, ನಿಧಾನ. ಅವಸರ ಮಾಡಿದ್ರೆ ದಾರ ಬಂದು ನಮ್ಮ ಕಿವಿಗೇ ಬೀಳುತ್ತೆ.

ನಾನು ಎಂಟಡಿಯ ಬರೀ ಟೊಳ್ಳು ಕೋಲು ತರಿಸ್ಕೊಂಡು ಉಳಿದಿದ್ದೆಲ್ಲ ಕೈಯಲ್ಲೇ ಕಟ್ಟಿದೆ. ಮೇವು ಕತ್ತರಿಸೋ ಮಿಷನ್ನಿಗೆ ಸಿಕ್ಕ ಮೇಲೆ ನನ್ನ ಬಲಗೈ ತೋರುಬೆರಳು ಪೂರ್ತಿ ಮಡಚಲ್ಲ. ಅಂಗಡಿ ಕೋಲಿನ ಹಿಡಿ ಜಾರೋದು. ಅದಕ್ಕೆ ಕಾರ್ಕ್ ಬಿಲ್ಲೆ ಜೋಡಿಸಿ ಅಂಟಿಸಿ, ಉಪ್ಪು ಪೇಪರಲ್ಲಿ ಉಜ್ಜಿ, ಬೆರಳಿಗೆ ಸರಿಯಾಗಿ ಒಂದು ಉಬ್ಬು ಬಿಟ್ಟೆ. ಇನ್ನೊಂದು ವಿಷ್ಯ, ಕೋಲಿಗೂ ಬೆನ್ನು ಇರುತ್ತೆ. ಬುಡ ನೆಲಕ್ಕೆ ಊರಿ, ತುದೀನ ಅಂಗೈ ಮೇಲಿಟ್ಟು, ನಡುವೆ ಒತ್ತಿ ಉರುಳಿಸಿದ್ರೆ ಒಂದು ಕಡೆಗೆ ತಾನಾಗೇ ಹಾರಿ ನಿಲ್ಲುತ್ತೆ. ಅದನ್ನ ಗುರುತು ಮಾಡ್ಕೊಂಡು, ಅದೇ ಗೆರೆ ನೋಡ್ಕೊಂಡು ಉಂಗುರ ಕೂರಿಸಿ, ನೈಲಾನ್ ದಾರ ಎಳೆಗೆ ಎಳೆ ಕೂಡಿಸಿ ಸುತ್ತಬೇಕು. ಮೊದಲನೇ ಉಂಗುರಕ್ಕೆ ಒಂದು ಸಂಜೆ ಪೂರ್ತಿ ಹೋಯ್ತು. ಮೇಲೆ ಎಪಾಕ್ಸಿ ಬಳಿದು, ಅದು ಗಟ್ಟಿಯಾಗೋವರೆಗೆ ಕೋಲು ತಿರುಗಿಸ್ತಾ ಇರ್ಬೇಕು, ಇಲ್ಲಾಂದ್ರೆ ಒಂದೇ ಕಡೆ ಇಳಿದು ಹನಿಗಟ್ಟುತ್ತೆ. ನಾನೂ ಮಗನೂ ಪಾಳಿ ಹಾಕ್ಕೊಂಡು ತಿರುಗಿಸಿದ್ವಿ. ಗಾಜಿನ ಕೋಲು ಉಜ್ಜೋವಾಗ ಮೂಗಿಗೆ ಮಾಸ್ಕ್, ಮೈತುಂಬ ಬಟ್ಟೆ ಹಾಕ್ಕೊಳ್ಳಿ. ನಾನು ಹಾಕ್ಕೊಳ್ದೆ ಎರಡು ದಿನ ಕೈ ಕೆರ್ಕೊಂಡೆ.

ಇದ್ರಲ್ಲಿ ದೊಡ್ಡ ಮೀನು ಬರುತ್ತಾ ಅಂತ ಎಲ್ಲರೂ ಕೇಳ್ತಾರೆ. ನಮ್ಮ ಸೀಮೇಲಿ ದೊಡ್ಡ ಮೀನು ಅಂದ್ರೆ ಕಾವೇರಿಯ ಮಹಶೀರ್, ಹೊಳೆಕಡೆಯೋರ ಬಿಳಿಮೀನು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನೀಲಿ 120 ಪೌಂಡಿಂದು, ಅಂದ್ರೆ ಸುಮಾರು 54 ಕೆಜಿಯದು ಹಿಡಿದಿದ್ರು. ಭೀಮೇಶ್ವರಿ, ಗಾಲಿಬೋರೆ ಕಡೆ ಹೊರದೇಶದೋರು ಬಂದು ಹಿಡಿದು, ತೂಗಿ, ವಾಪಸ್ ಬಿಡ್ತಿದ್ರು. ಆಮೇಲೆ ಅದೂ ನಿಂತೋಯ್ತು. ಡುಬ್ಬದ ಮಹಶೀರ್ 2018ರಲ್ಲಿ ತೀರಾ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದೆ. ಅದರ ತಂಟೆ ನಮಗೆ ಬೇಡ. ಹೊಂಡದ ಜಿಲೇಬಿ ಮೀನು ಸಾಕು.

ಮೊನ್ನೆ ಸಂಜೆ ಒಂದು ಜಿಲೇಬಿ ಗರಿ ನುಂಗ್ತು. ಕಾಲು ಕೆಜಿ ಇದ್ದೀತು. ಕೋಲು ಹಿಡಿವರೆಗೂ ಬಾಗಿ, ಆ ಮಡಚದ ಬೆರಳಿಗೆ ಮೀನು ತಲೆ ಕೊಡವೋದು ಗೊತ್ತಾಗ್ತಿತ್ತು. ಮಗ ಬಲೆ ಹಿಡ್ಕೊಂಡು ನೀರಿಗಿಳಿಯೋ ಮುಂಚೆ ತಲೆ ಎತ್ತಿ ಮೇಲೆ ನೋಡ್ದ. ಆ ಮೂಲೇಲಿ ತಂತಿ ಇಲ್ಲ, ಆದ್ರೂ ನೋಡ್ದ. ಈಗ ಅವನಿಗೂ ಆರಡಿದು ಒಂದು ಬೇಕಂತೆ, ಕೆಂಪು ದಾರ ಸುತ್ತಿದ್ದು.