ಯರಗೇರಾದಲ್ಲಿ ಬೇಸಿಗೆಯ ಕಡೆಯ ದಿನಗಳು

ರಾಯಚೂರ ಸೀಮೆಯ ಬೇಸಿಗೆಯನ್ನು ಹೊಗಳಿದವರನ್ನು ನಾನು ಕಾಣೆ. ವೈಶಾಖ ಬಂತೆಂದರೆ ಅನುಕೂಲಸ್ಥರು ಊಟಿಗೋ ಮಡಿಕೇರಿಗೋ ಹೊರಡುತ್ತಾರೆ. ಅಷ್ಟು ಅನುಕೂಲವಿಲ್ಲದವರು ಬಾಗಿಲು ಮುಚ್ಚಿಕೊಂಡು ಮಳೆಯ ದಾರಿ ನೋಡುತ್ತಾರೆ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ನಾಡಿನಲ್ಲಿ ಮೇ ತಿಂಗಳ ಬಿಸಿಲು 40 ಅಂಶವನ್ನು ದಾಟುವದು ವಿಶೇಷವಲ್ಲ. ವರುಷವಿಡೀ ಬೀಳುವ ಮಳೆಯಾದರೋ ಸುಮಾರು 25 ಅಂಗುಲ. ಇಂತಹ ಸೀಮೆಗೆ, ಅದೂ ರೋಹಿಣಿ ಮಳೆ ಹೂಡುವ ಮೊದಲಿನ ದಿನಗಳಲ್ಲಿ, ಬೇಕೆಂದೇ ಹೋಗುವರೇ ಎಂದು ವಾಚಕರು ಕೇಳಬಹುದು. ನಮ್ಮ ಅಕ್ಕನನ್ನು ಯರಗೇರಾಕ್ಕೆ ಕೊಟ್ಟಿರುವದರಿಂದ ನಾನು ಹೋಗುವದುಂಟು. ಹೋಗಿ ಸುಖಪಟ್ಟು ಬಂದದ್ದೂ ಉಂಟು.

ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ಹೆದ್ದಾರಿಯ ಮೇಲೆ, ಪಟ್ಟಣದಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಮುಟ್ಟುವಷ್ಟು ದೂರದಲ್ಲಿ ಈ ಊರಿದೆ. ವಿಶ್ವವಿದ್ಯಾಲಯದ ಆವರಣವೊಂದು ಈಗ ಹತ್ತಿರದಲ್ಲಿಯೇ ಇರುವದರಿಂದ ರಸ್ತೆಯ ಬದಿಗೆ ಚಹದಂಗಡಿಗಳೂ ಪುಸ್ತಕ ಹಿಡಿದ ಹುಡುಗರೂ ಕಾಣುತ್ತಾರೆ. ಆದರೆ ಓಣಿಯೊಳಗೆ ಹೊಕ್ಕರೆ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬಾಗಿಲ ಮುಂದೆ ಬೇವಿನ ನೆಳಲು. ಹೊಲಗಳಲ್ಲಿ ಎರೆಯೂ ಉಂಟು, ಮಸಾರಿಯೂ ಉಂಟು. ಬೇಸಿಗೆಯ ಕಡೆಯಲ್ಲಿ ಎರೆಭೂಮಿಯು ಕೈ ಇಳಿಯುವಷ್ಟು ಬಿರುಕು ಬಿಟ್ಟುಕೊಂಡು ಬಾಯಾರಿದಂತೆ ಬಿದ್ದಿರುತ್ತದೆ.

ಹೊರಗೆ ಹಸುರಿಲ್ಲದ ಈ ಕಾಲದಲ್ಲಿಯೇ ಮನೆಯೊಳಗೆ ಬೆಳೆದ ಪದಾರ್ಥಗಳ ಸಂಭ್ರಮ ಹೆಚ್ಚು. ಹಿಂಗಾರಿ ಜೋಳ ಮಾಗಿಯಲ್ಲಿಯೇ ಮನೆಗೆ ಬಂದಿರುತ್ತದೆ. ಹಿಂದಿನವರು ಅದನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲವನ್ನು ಆಳವಾಗಿ ತೋಡಿ, ಸುತ್ತಲೂ ಒಣಹುಲ್ಲು ಒತ್ತಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರುಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ತೆರೆದ ಕೂಡಲೆ ಒಳಗಿಳಿದವರು ಕೆಟ್ಟ ಗಾಳಿಯಿಂದ ಸತ್ತದ್ದೂ ಉಂಟಾದ್ದರಿಂದ, ಮೊದಲು ಬಹಳ ಹೊತ್ತು ಗಾಳಿಗೆ ಬಿಟ್ಟು, ದೀಪವನ್ನಿಳಿಸಿ ಅದು ನಂದುವದೋ ಇಲ್ಲವೋ ನೋಡಿ ಇಳಿಯುವದು ವಾಡಿಕೆ. ಅಕ್ಕನ ಮನೆಯ ಹಗೇವು ಈಗ ಮುಚ್ಚಿಹೋಗಿದೆ. ಜೋಳವು ಚೀಲಗಳಲ್ಲಿ, ಬೇವಿನ ಸೊಪ್ಪಿನ ನಡುವೆ, ನಡುಮನೆಯ ಮೂಲೆಯಲ್ಲಿ ಕುಳಿತಿರುತ್ತದೆ.

ಬೆಳಗಿನ ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ. ಹಿತ್ತಲಿನ ಪುಂಡಿಗೆ ಬಚ್ಚಲ ನೀರೇ ಜೀವ. ಎಳೆ ಎಲೆಗಳನ್ನು ಬೇಯಿಸಿ, ಜೋಳದ ನುಚ್ಚು ಕೂಡಿಸಿ, ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟರೆ ಅದರ ಹುಳಿಯು ಬಿಸಿಲಿಗೆ ಸತ್ತ ನಾಲಗೆಯನ್ನು ಎಬ್ಬಿಸುತ್ತದೆ. ಮಧ್ಯಾಹ್ನಕ್ಕೆ ಮಜ್ಜಿಗೆ ಕೂಡಿಸಿದ ಜೋಳದ ಅಂಬಲಿ. ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳ, ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ, ಉಪ್ಪು ಹಚ್ಚಿದ ಮಾವಿನ ಹೋಳು ಇವೆಲ್ಲ ಒಣಗುತ್ತಿರುತ್ತವೆ. ಕಾಗೆ ಕಾಯುವ ಕೆಲಸ ಮಕ್ಕಳದು. ಕಾಗೆಗಿಂತ ಕಾಯುವವರೇ ಹೆಚ್ಚು ತಿನ್ನುವರೆಂದು ಅಕ್ಕನ ದೂರು. ಪಡಸಾಲೆಯಲ್ಲಿ ನೆರೆಯ ಹೆಂಗಸರು ಕೂಡಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾರೆ. ಊರ ಸುದ್ದಿಯೆಲ್ಲ ಅಲ್ಲಿಯೇ ತಿಳಿಯುವದರಿಂದ ನಾನು ವೃತ್ತಪತ್ರಿಕೆಯ ಗೊಡವೆಗೆ ಹೋಗುವದಿಲ್ಲ.

ಒಂದು ದಿನ ನಸುಕಿನಲ್ಲಿಯೇ ಬಿಚ್ಚಾಲಿಗೆ ಹೊರಟೆವು. ಮೊದಲು ಕೊಲ್ಲಾರಿ ಬಂಡಿ ಕಟ್ಟುತ್ತಿದ್ದರಂತೆ, ಈಗ ಟಂಟಂ. ಬುತ್ತಿಯು ಮಾತ್ರ ಬದಲಾಗಿಲ್ಲ: ಎಳ್ಳು ಹಚ್ಚಿದ ಸಜ್ಜೆಯ ಕಟಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬುತ್ತಿ, ಹಸಿ ಉಳ್ಳಾಗಡ್ಡಿ. ಬಿಚ್ಚಾಲಿಯು ತುಂಗಭದ್ರೆಯ ಉತ್ತರದ ದಂಡೆಯ ಊರು. ರಾಘವೇಂದ್ರ ಸ್ವಾಮಿಗಳ ಸ್ತೋತ್ರವನ್ನು ರಚಿಸಿದ ಅಪ್ಪಣ್ಣಾಚಾರ್ಯರು ಇದ್ದ ಸ್ಥಳ. ಆಚೆಯ ದಂಡೆ ಆಂಧ್ರದ್ದು. ಜಪದಕಟ್ಟೆಯ ದರ್ಶನ ಮುಗಿಸಿ ನದಿಗಿಳಿದರೆ ಕಾಣುವದು ನೀರಲ್ಲ, ಉಸುಕು ಮತ್ತು ಬಂಡೆ, ನಡುನಡುವೆ ಮಡುಗಳು. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನೀರು ನಿಂತಂದಿನಿಂದ ಕೆಳಗಿನ ಬೇಸಿಗೆಯ ಹೊಳೆ ಮೇಲಿನವರ ಬಾಗಿಲನ್ನೇ ನೋಡಬೇಕಾಗಿದೆ. ಹುಡುಗರು ಉಸುಕನ್ನು ಮೊಳಕೈ ಆಳ ಕೆದರಿದರು; ಸ್ವಲ್ಪ ಹೊತ್ತಿನಲ್ಲಿ ಒರತೆ ಜಿನುಗಿತು. ಮೊದಲ ನೀರು ಕಲಕು. ಅದನ್ನು ಚೆಲ್ಲಿ ತಾಳ್ಮೆಯಿಂದ ಕಾದರೆ ತಿಳಿನೀರು. ಆ ತಂಪಿಗೆ ಮುಖವೊಡ್ಡಿ, ಬಂಡೆಯ ನೆಳಲಿನಲ್ಲಿ ಬುತ್ತಿ ಬಿಚ್ಚಿದ ಸುಖವನ್ನು ಮಡಿಕೇರಿಗೆ ಹೋದವರಿಗೆ ಹೇಗೆ ಹೇಳಲಿ?

ರಾಯಚೂರ ಕೋಟೆಯನ್ನೂ ಒಂದು ಸಂಜೆ ನೋಡಿದೆವು. 1294ರ ಶಾಸನವುಳ್ಳ, 41 ಅಡಿಗೂ ಮಿಕ್ಕಿದ ಒಂದೇ ಕಲ್ಲು ಗೋಡೆಯಲ್ಲಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ಮಕ್ಕಳು ಕೋಟೆಗಿಂತ ಕೆಳಗಿನ ಐಸಕ್ರೀಮಿನ ಬಂಡಿಯನ್ನೇ ಹೆಚ್ಚು ಹೊತ್ತು ನೋಡಿದರು.

ಈ ಸುಖದ ನಡುವೆ ಮನೆಯಲ್ಲಿ ಒಂದು ಮಾತು ನಡೆದಿತ್ತು. ಭಾವನವರದು ಹತ್ತೆಕರೆ ಎರೆಹೊಲ. ಆರೆಕರೆಗೆ ಹತ್ತಿ, ನಾಲ್ಕೆಕರೆಗೆ ಜೋಳ ಎಂಬದು ಅವರ ತಂದೆಯವರ ಕಾಲದಿಂದ ಬಂದ ಕ್ರಮ. ಈ ವರುಷ ಹತ್ತೂ ಎಕರೆಗೆ ಹತ್ತಿಯನ್ನೇ ಹಾಕಬೇಕೆಂದು ಅವರ ವಿಚಾರ. ಹತ್ತಿಯನ್ನು ಮುಂಗಾರಿನಲ್ಲಿ ಬಿತ್ತುವರು. ಅದು ಚಳಿಗಾಲದವರೆಗೆ ಹೊಲ ಬಿಡುವದಿಲ್ಲ. ಹಿಂಗಾರಿ ಜೋಳಕ್ಕಾದರೋ ಮಳೆಗಾಲವೆಲ್ಲ ಹೊಲವನ್ನು ಖಾಲಿಯಿಟ್ಟು ಹಸಿ ಹಿಡಿಸಿ, ಉತ್ತರೆ ಹಸ್ತ ಮಳೆಗಳ ಸುಮಾರಿಗೆ ಬಿತ್ತಬೇಕು. ಆದ್ದರಿಂದ ಜೋಳದ ಹಣೆಬರಹವು ಮೃಗಶಿರಕ್ಕೆ ಮುಂಚೆಯೇ ನಿರ್ಣಯವಾಗುತ್ತದೆ.

ಭಾವನವರ ಮಾತೂ ಸುಳ್ಳಲ್ಲ. ಜೋಳವನ್ನು ಕೀಳಲಿಕ್ಕೆ ಆಳು ಸಿಕ್ಕುವದಿಲ್ಲ. ಸಿಕ್ಕರೂ ಕೂಲಿ ಕೈ ಸುಡುತ್ತದೆ. ಹತ್ತಿಯ ರೊಕ್ಕ ಒಮ್ಮೆಗೇ ಬರುತ್ತದೆ. ರಾಯಚೂರಿನ ಪೇಟೆ ಹತ್ತಿರ. ಹಿರಿಯ ಮಗಳ ಕಾಲೇಜಿನ ಫೀಜು ತುಂಬಬೇಕಾಗಿದೆ. ಕಾಲುವೆಯನ್ನು ನೆಚ್ಚೋಣವೆಂದರೆ ಎಡದಂಡೆಯ ಕಾಲುವೆ 227 ಕಿಲೋಮೀಟರು ಹರಿದು ಬರಬೇಕು, ಈ ತಾಲೂಕು ಅದರ ಬಾಲದಲ್ಲಿದೆ. ಹೂಳು ತುಂಬಿ ಜಲಾಶಯವೂ 133 ಟಿ.ಎಂ.ಸಿ.ಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯವರು ಪಟ್ಟ ಕಳವಳವನ್ನು ಹುಣಸೆ ಬಿಡಿಸುವ ಹೆಂಗಸರು ಇನ್ನೂ ಹೇಳುತ್ತಾರೆ.

ಅಕ್ಕನ ಅತ್ತೆಯವರು ಹೆಚ್ಚು ಮಾತಿನವರಲ್ಲ. ಅವರು ಒಂದೇ ಕೇಳಿದರು: “ಹತ್ತಿ ರೊಕ್ಕ ಕೊಡತೈತಿ, ಖರೆ. ಕಣಿಕಿ ಕೊಡತೈತೇನಪ್ಪಾ?”

ಜೋಳವಿಲ್ಲದಿದ್ದರೆ ಕಣಿಕಿಯಿಲ್ಲ, ಕಣಿಕಿಯಿಲ್ಲದಿದ್ದರೆ ಕೊಟ್ಟಿಗೆಯ ಎತ್ತೂ ಎಮ್ಮೆಯೂ ಉಳಿಯಲಾರವು, ಎಮ್ಮೆ ಹೋದರೆ ಮಜ್ಜಿಗೆಯೂ ಪೇಟೆಯಿಂದಲೇ ಬರಬೇಕು. ಭಾವನವರು ಉತ್ತರ ಕೊಡದೆ ಎದ್ದು ಹೋದರು. ಮರುದಿನ ಅತ್ತೆಯವರು ಬೀಜದ ಗಡಿಗೆಯನ್ನು ಕೆಳಗಿಳಿಸಿದರು. ಮಾಗಿಯಲ್ಲಿ ಆರಿಸಿದ ದಪ್ಪ ತೆನೆಗಳ ಕಾಳು; ಬೂದಿ ಬೆರಸಿ, ಸೆಗಣಿ ಮಣ್ಣಿನಿಂದ ಬಾಯಿ ಕಟ್ಟಿದ್ದರು. ಬಿಚ್ಚಿ, ಮೊರದಲ್ಲಿ ಹರವಿ ಬಿಸಿಲಿಗಿಟ್ಟು, ಸಂಜೆಗೆ ಮತ್ತೆ ತುಂಬಿ ಮೊದಲಿನಂತೆ ಮೆತ್ತಿದರು. ಯಾರಿಗೂ ಏನೂ ಹೇಳಲಿಲ್ಲ.

ರೋಹಿಣಿ ಹೂಡಿದ ನಾಲ್ಕನೆಯ ದಿನ ಭಾವನವರು ರಾಯಚೂರಿಗೆ ಹೋಗಿ ಹತ್ತಿಯ ಬೀಜ ತಂದರು. ಚೀಲವನ್ನು ಪಡಸಾಲೆಯಲ್ಲಿಟ್ಟು ಕಾಲು ತೊಳೆಯಲು ಹೋದಾಗ ಅತ್ತೆಯವರು ಪೊಟ್ಟಣಗಳನ್ನು ಒಂದೊಂದಾಗಿ ಎಣಿಸಿದರು. ಎಕರೆಗೊಂದರಂತೆ ಆರೇ ಇದ್ದವು. ಅವರು ಚೀಲವನ್ನು ಮೊದಲಿದ್ದಂತೆಯೇ ಮಡಿಸಿಟ್ಟು, ನೈಋತ್ಯದಲ್ಲಿ ಮೋಡ ಕಪ್ಪಾಗುತ್ತಿದೆಯೆಂದು, ಮಾಳಿಗೆಯ ಸಂಡಿಗೆಯನ್ನು ಬೇಗನೆ ಇಳಿಸಲು ಮಕ್ಕಳನ್ನು ಕೂಗಿದರು.