ನಾಲ್ಕನೇ ದಿನದ ಬಾಳೆಹಣ್ಣು

ಮೆಕ್ಕೆಜೋಳ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಅಂಗಳಕ್ಕೆ ಬಂದರೆ ಚೀಲಗಳ ಸರದಿ ಮುಗಿದ ಮೇಲೆ ಮನೆಮಂದಿಯೂ ಒಬ್ಬೊಬ್ಬರಾಗಿ ಹತ್ತಿ ಇಳಿಯುವುದುಂಟು. ಹೋದ ವರ್ಷ ಗೋವಿನಕೋವಿಯ ನಮ್ಮ ಅಂಗಳದಲ್ಲಿ ನಾನೂ ಹತ್ತಿದೆ. ಕೆಂಪು ಅಂಕಿ 84ಕ್ಕೆ ನಿಂತಿತು. ಹಮಾಲಿ ಬಗ್ಗಿ ನೋಡಿ, “ಮಾಸ್ತರೇ, ಚೀಲದ ತೂಕ ಕಳೆದು ಬರೀಲಾ?” ಅಂದ.

ಆ ರಾತ್ರಿಯೇ ಬೆಂಗಳೂರಿನ ಭಾವಮೈದನಿಂದ ಏಳು ದಿನದ ಡಯಟ್ ಪಟ್ಟಿ ಮೊಬೈಲಿಗೆ ಬಂತು. ಮೊದಲ ದಿನ ಹಣ್ಣು ಮಾತ್ರ, ಎರಡನೇ ದಿನ ತರಕಾರಿ ಮಾತ್ರ, ಮೂರನೇ ದಿನ ಎರಡೂ, ನಾಲ್ಕನೇ ದಿನ ಎಂಟು ಬಾಳೆಹಣ್ಣು ಮತ್ತು ಹಾಲು. ಪಟ್ಟಿಯ ತಲೆಗೆ ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ ಹೆಸರು. ಆ ಕಂಪನಿಗೂ ಈ ಪಟ್ಟಿಗೂ ಸಂಬಂಧವಿತ್ತು ಎನ್ನಲು ಪುರಾವೆಯಿಲ್ಲ ಎಂಬುದು ನನಗೆ ಆಮೇಲೆ ತಿಳಿದದ್ದು. ಆಗ ಮಾತ್ರ, ಗಾಡಿ ಮಾಡುವವರಿಗೆ ಲೋಡಿನ ವಿಷಯ ಗೊತ್ತಿರಲೇಬೇಕು ಎಂದು ನಂಬಿಬಿಟ್ಟೆ.

ಮೂರು ದಿನ ಹೇಗೋ ಕಳೆಯಿತು. ನಾಲ್ಕನೇ ದಿನ ಪಡಸಾಲೆಯಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದೆ. ಅವ್ವ ಬಂದು ಎದುರಿಗೆ ಕೂತಳು. “ಇವತ್ತು ಏಕಾದಶಿಯಲ್ಲ, ಸೋಮವಾರವೂ ಅಲ್ಲ. ಹೆಂಡತಿ ಏನಂದಳು?” ನಮ್ಮ ಕಡೆ ಊಟ ಬಿಟ್ಟವನು ಒಂದೋ ವ್ರತದಲ್ಲಿರಬೇಕು, ಇಲ್ಲವೇ ಮುನಿಸಿನಲ್ಲಿರಬೇಕು; ಮೂರನೆಯ ಕಾರಣ ಅವಳ ಲೆಕ್ಕದಲ್ಲಿಲ್ಲ. ಸಂಜೆಯೊಳಗೆ ಪಕ್ಕದ ಮನೆಯವರು ರಾಜಿಗೆ ಬಂದರು. ಹೆಂಡತಿ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಈ ಸಲ ಮುನಿಸು ನಿಜದ್ದು.

ಏಳನೇ ದಿನ ತಕ್ಕಡಿಯಲ್ಲಿ 81! ಊರೆಲ್ಲ ಹೇಳಿಕೊಂಡು ಬಂದೆ. ಮುಂದಿನ ವಾರ ಸುರಹೊನ್ನೆಯಲ್ಲೊಂದು ಮದುವೆ, ಎಲೆಯ ತುದಿಗೆ ಹೋಳಿಗೆ, ಅದರ ಮೇಲೆ ತುಪ್ಪ. ಹತ್ತು ದಿನಕ್ಕೆ ಮತ್ತೆ 84, ಮೇಲೆ ಅರ್ಧ ಕೇಜಿ ಬಡ್ಡಿ.

ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ಮಾಡಬೇಕಾದ ಲೆಕ್ಕವನ್ನು ಆಮೇಲೆ ಮಾಡಿದೆ. ಒಂದು ಕೇಜಿ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಮೂರು ಕೇಜಿಗೆ 23,100. ಏಳರಿಂದ ಭಾಗಿಸಿದರೆ ದಿನಕ್ಕೆ 3,300. ನಾನು ದಿನವಿಡೀ ತಿನ್ನುವುದೇ ಅಷ್ಟಿಲ್ಲ. ಬಾಯಿ ಹೊಲಿದುಕೊಂಡು ಕೂತರೂ ವಾರದಲ್ಲಿ ಮೂರು ಕೇಜಿ ಕೊಬ್ಬು ಇಳಿಯುವುದಿಲ್ಲ. ಹಾಗಾದರೆ ಇಳಿದದ್ದೇನು? ಹೆಚ್ಚಿನದು ನೀರು. ಅನ್ನ, ರೊಟ್ಟಿಯ ಪಿಷ್ಟವನ್ನು ದೇಹ ಗ್ಲೈಕೋಜನ್ ಮಾಡಿ ಪಿತ್ತಜನಕಾಂಗದಲ್ಲೂ ಸ್ನಾಯುಗಳಲ್ಲೂ ದಾಸ್ತಾನು ಇಡುತ್ತದೆ, ಒಂದು ಗ್ರಾಂ ದಾಸ್ತಾನಿನ ಜತೆ ಸುಮಾರು ಮೂರು ಗ್ರಾಂ ನೀರು. ಊಟ ನಿಂತರೆ ದಾಸ್ತಾನು ಖಾಲಿ, ನೀರೂ ಹೊರಗೆ. ಹಸಿ ಜೋಳವನ್ನು ಕಣದಲ್ಲಿ ಒಣಗಿಸಿದರೆ ಚೀಲ ಹಗುರಾಗುತ್ತದೆ, ಕಾಳು ಎಣಿಸಿದರೆ ಅಷ್ಟೇ ಇರುತ್ತವೆ. ಇದು ನಮ್ಮೂರಿನ ಹುಡುಗರಿಗೂ ಗೊತ್ತು.

ಈ ಹುಚ್ಚು ಹೊಸದೇನಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಟ್ಟು ತೆಳ್ಳಗಾದ ಕಥೆಯನ್ನು ಕಿರುಹೊತ್ತಗೆಯಾಗಿ ಹಂಚಿದ. ಅವನ ಕಸುಬು ಶವಸಂಸ್ಕಾರದ ವ್ಯವಸ್ಥೆ ಮಾಡುವುದು, ಅನ್ನುವುದನ್ನು ಇಲ್ಲಿ ಸುಮ್ಮನೆ ಹೇಳಿಟ್ಟಿರುತ್ತೇನೆ. ಅನ್ನ, ರೊಟ್ಟಿ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಈಗಿನ ಕೀಟೋ ಡಯಟ್ ಮೊದಲು ಮೂರ್ಛೆರೋಗದ ಚಿಕಿತ್ಸೆಯಾಗಿತ್ತು, 1921ರಲ್ಲಿ. ವೈದ್ಯರ ಕಣ್ಣೆದುರು ನಡೆಯಬೇಕಾದದ್ದನ್ನು ನಾವು ಫೋನಿನಲ್ಲಿ ನೋಡಿ ಮಾಡುತ್ತೇವೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಲೇ ಊಟ ಬಿಟ್ಟು ತಲೆಸುತ್ತಿ ಬೀಳುವವರಿದ್ದಾರೆ. ಅಂಥವರು ಮೊದಲು ಡಾಕ್ಟರನ್ನು ಕೇಳಲಿ. ಒಂದು ಪದಾರ್ಥವನ್ನು ದೆವ್ವ, ಇನ್ನೊಂದನ್ನು ದೇವರು ಮಾಡಿ, ದಿನ ಎಣಿಸಿ ಮಾತು ಕೊಡುವವನ ಚೀಲದಲ್ಲಿ ಸಾಮಾನ್ಯವಾಗಿ ಒಂದು ಪೌಡರ್ ಡಬ್ಬಿಯೂ ಇರುತ್ತದೆ.

ಊರಿನ ತಾಟು ಬದಲಾದದ್ದು ಮಾತ್ರ ಯಾವ ಪಟ್ಟಿಯನ್ನೂ ನೋಡಿ ಅಲ್ಲ. ಗೋವಿನಕೋವಿ ಎದ್ದು ಎಲ್ಲಿಗೂ ಹೋಗಿಲ್ಲ, ಆದರೂ 1997ರಲ್ಲಿ ಶಿವಮೊಗ್ಗ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿತು, ಆಮೇಲೆ ಹೊನ್ನಾಳಿ ಬಿಟ್ಟು ನ್ಯಾಮತಿ ತಾಲೂಕಿನದಾಯಿತು. ತಾಟೂ ಹಾಗೇ ಸದ್ದಿಲ್ಲದೆ ಬದಲಾಯಿತು. ರೊಟ್ಟಿ, ಮುದ್ದೆಯ ಜಾಗಕ್ಕೆ ಮೂರು ಹೊತ್ತೂ ಬಿಳಿ ಅಕ್ಕಿ ಬಂತು. ಜೋಳದ ಹೊಲಕ್ಕೆ ಮೆಕ್ಕೆಜೋಳ ಬಂತು. ಉತ್ತರ ಕರ್ನಾಟಕದವರು ಗೋವಿನಜೋಳ ಅನ್ನುವ ಇದನ್ನು ಗೋವಿನಕೋವಿಯವರಾದ ನಾವು ಬೆಳೆದು ಕೋಳಿಗೆ ಕಳಿಸುತ್ತೇವೆ. ಸಾಲಿನ ನಡುವೆ ತಾನೇ ಹುಟ್ಟುತ್ತಿದ್ದ ಅಣ್ಣೆಸೊಪ್ಪು, ಕಿರಕಸಾಲೆ, ಗಣಿಕೆ ಕಳೆನಾಶಕಕ್ಕೆ ಸುಟ್ಟುಹೋದವು. ಅವ್ವನ ಬೆರಕೆಸೊಪ್ಪಿನ ಸಾರಿಗೆ ಈಗ ಸೊಪ್ಪು ಸಂತೆಯಿಂದ ಬರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದಿನಕ್ಕೆ 250 ಗ್ರಾಂ ಧಾನ್ಯ, 400 ಗ್ರಾಂ ಸೊಪ್ಪು-ತರಕಾರಿ ಎಂದಿದೆ. ನಮ್ಮ ಮನೆಯಲ್ಲಿ ಈ ಎರಡು ಅಂಕಿಗಳು ಅದಲುಬದಲಾಗಿದ್ದವು.

ಈಗ ನಾನು ಮಾಡುತ್ತಿರುವುದಕ್ಕೆ ಹೆಸರಿಲ್ಲ, ಕೊನೆಯ ದಿನವೂ ಇಲ್ಲ. ಮೊದಲು ಪಲ್ಯ, ಕಾಳು, ಒಂದು ರೊಟ್ಟಿ. ಅನ್ನ ಕಡೆಗೆ, ಒಂದೇ ಸಲ. ಹಿತ್ತಲಲ್ಲಿ ಸೊಪ್ಪಿನ ಮಡಿಯೊಂದು ಕಳೆನಾಶಕ ಕಾಣದೆ ಹಸಿರಾಗಿದೆ. ನ್ಯಾಮತಿಗೆ ಹೋದಾಗ ಮಂಡಕ್ಕಿ-ಮೆಣಸಿನಕಾಯಿ ತಿನ್ನುತ್ತೇನೆ, ಬಿಡುವ ಯೋಚನೆಯೂ ಇಲ್ಲ. ಟೀ ಮಾತ್ರ ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಇದ್ದದ್ದು ಎರಡು ಲೋಟ, ಒಂದೊಂದು ಚಮಚಕ್ಕೆ ಇಳಿದಿದೆ. ಉಳಿತಾಯವಾದ ಎಂಟು ಚಮಚವೆಂದರೆ 40 ಗ್ರಾಂ, 160 ಕ್ಯಾಲೊರಿ. ಎಂಟು ತಿಂಗಳಿಗೆ ಲೆಕ್ಕದ ಪ್ರಕಾರ ಇಷ್ಟರಿಂದಲೇ ಐದು ಕೇಜಿ ಇಳಿಯಬೇಕಿತ್ತು. ಇಳಿದದ್ದು ಮೂರು. ಲೆಕ್ಕದಲ್ಲಿ ಮದುವೆಗಳನ್ನು ಹಿಡಿದಿರಲಿಲ್ಲ.